ಮೂರು ನದಿ ಸಾಕಿದ ಟೀಚರ್‌ಬಾಯಿ

ನಾನು ಶಾಲೆ ಬಿಟ್ಟದ್ದು ೧೯೭೩ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಅಪ್ಪನ ದೋಣಿಗೆ ಒಂದಾಳು ಕಡಿಮೆಯಿತ್ತು, ಆ ಆಳು ನಾನಾದೆ. ಅದಕ್ಕಾಗಿ ಅತ್ತವನಲ್ಲ. ಆಮೇಲೆ ಎಷ್ಟೋ ವರ್ಷ ಯಾವ ಟೀಚರ ಎದುರಿಗೂ ಕೈಕಟ್ಟಿ ನಿಲ್ಲುವ ಪ್ರಸಂಗ ಬರಲಿಲ್ಲ. ಬಂದದ್ದು ಕುವೈತಿನಲ್ಲಿ, ಸಾಲ್ಮಿಯಾದ ಒಂದು ಫ್ಲ್ಯಾಟಿನ ಗಾಜು ಹಾಕಿದ ಬಾಲ್ಕನಿಯಲ್ಲಿ. ಎದುರಿಗಿದ್ದವರು ಗಂಡಸರ ವಾಚೊಂದನ್ನು ಮೊಣಕೈಗಿಂತ ಮೇಲೆ, ನಮ್ಮೂರಲ್ಲಿ ತಾಯಿತ ಕಟ್ಟುವ ಜಾಗಕ್ಕೆ ಕಟ್ಟಿಕೊಂಡಿದ್ದರು. ಅದರ ಸ್ಟೀಲಿನ ಪಟ್ಟಿ ತೋಳಿನ ಮಾಂಸದಲ್ಲಿ ಹೂತು ಸುತ್ತಲೂ ಕೆಂಪು ಗೆರೆ ಬಿದ್ದಿತ್ತು. ಆ ಕೈ ಮೊಣಕೈವರೆಗೆ ಒಂದು ದೊಡ್ಡ ಗಾಜಿನ ಭರಣಿಯ ನೀರಿನಲ್ಲಿತ್ತು. ಗಂಟೆ ನೋಡಬೇಕಾದಾಗ ಅವರು ಕೈ ಎತ್ತುತ್ತಿರಲಿಲ್ಲ, ಕುತ್ತಿಗೆಯನ್ನೇ ತೋಳಿನ ಕಡೆಗೆ ತಿರುಗಿಸುತ್ತಿದ್ದರು, ಕೋಳಿ ತನ್ನ ರೆಕ್ಕೆ ಕೆದಕುವ ಹಾಗೆ.

ಅವರು ಕಿನ್ನಿಗೋಳಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಒಂದು ಇಂಡಿಯನ್ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಐವತ್ತರ ಹತ್ತಿರ ಪ್ರಾಯ. ಊರ ಕಡೆ ನಾವು ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಅನ್ನುವುದು ವಾಡಿಕೆಯಾದ್ದರಿಂದ ಕರಾವಳಿಯವರಿಗೆಲ್ಲ ಅವರು ಟೀಚರ್‌ಬಾಯಿ. ನಾನು ಮಂಗಳೂರಿನ ಬೆಂಗ್ರೆಯ ಮೊಗವೀರ, ಮೀನು ಹಿಡಿಯುವ ಜಾತಿಯವನು. ದೋಣಿಯಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಕುವೈತಿಗೆ ಬಂದು ನೀರಿನ ಟ್ಯಾಂಕರ್ ಓಡಿಸುತ್ತಿದ್ದೆ. ಕಫೀಲನ, ಅಂದರೆ ನನಗೆ ವೀಸಾ ಕೊಟ್ಟ ಅರಬ್ಬಿ ಧಣಿಯ, ಹೆಸರಿನಲ್ಲಿದ್ದರೂ ಆ ಟ್ಯಾಂಕರಿನ ಒಂದೊಂದು ನಟ್ಟು ಬೋಲ್ಟೂ ನನ್ನದು. ನನ್ನ ನೀರಿಗೆ ಅಲ್ಲಿವರೆಗೆ ಒಬ್ಬರೂ ಕುಂದು ಹೇಳಿರಲಿಲ್ಲ.

ಹೇಳಿದ ಮೊದಲಿಗರು ಟೀಚರ್‌ಬಾಯಿ. ೧೯೯೦ರ ಮಾರ್ಚಿನಲ್ಲಿ ಒಂದು ದಿನ ಅವರ ಕಟ್ಟಡದ ಟಾಂಕಿಗೆ ನೀರು ಬಿಡುತ್ತಿದ್ದೆ. ಮ್ಯಾಕ್ಸಿ ಮೇಲೊಂದು ಟವಲು ಹೊದ್ದುಕೊಂಡು ಕೆಳಗಿಳಿದು ಬಂದವರೇ ಪೈಪಿನ ಬಾಯಿಗೆ ಅಂಗೈ ಒಡ್ಡಿ, ಒಂದು ಗುಟುಕು ಬಾಯಲ್ಲಿ ಹೊರಳಿಸಿ ಉಗುಳಿದರು.

"ನೀರು ಒಳ್ಳೇದುಂಟು," ಅಂದರು ತುಳುವಿನಲ್ಲಿ. ನನ್ನ ಮುಖ ನೋಡಿಯೇ ಊರು ಗೊತ್ತಾಗಿತ್ತಂತೆ. "ಮನುಷ್ಯರಿಗೆ ಒಳ್ಳೇದು. ನನ್ನ ಮನೆಯವರಿಗೆ ವಿಷ."

"ನಿಮ್ಮ ಮನೆಯವರು ಮನುಷ್ಯರಲ್ವಾ ಬಾಯಿ?"

"ಮೇಲೆ ಬಂದು ನೋಡು."

ಹಾಗೆ ಆ ಬಾಲ್ಕನಿಗೆ ಹೋದದ್ದು. ಸಾಲಾಗಿ ಭರಣಿಗಳು, ಉಪ್ಪಿನಕಾಯಿ ಹಾಕುವಂಥವು. ಒಳಗೆ ಕಿರುಬೆರಳಿನಷ್ಟುದ್ದದ ಮೀನು. ಗಂಡಿಗೆ ಹಳದಿ ಬಾಲ, ಅದರಲ್ಲಿ ಕಪ್ಪು ಪಟ್ಟೆ. ಹೆಣ್ಣು ಬೂದಿ ಬಣ್ಣ. ನಾನು ಜೋರಾಗಿ ನಕ್ಕೆ. ಮೀನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಅಹಂಕಾರ ನನ್ನ ರಕ್ತದಲ್ಲೇ ಇತ್ತು, ಈಗಲೂ ಇದೆ.

"ಬೆಂಗ್ರೆಯಲ್ಲಿ ಇದನ್ನು ಬೆಕ್ಕಿಗೂ ಹಾಕುವುದಿಲ್ಲ," ಅಂದೆ.

"ಬೆಂಗ್ರೆಯ ಬೆಕ್ಕಿನ ಪುಣ್ಯ," ಅಂದರು ಟೀಚರ್‌ಬಾಯಿ. "ಇದನ್ನು ಹಾಕ್ಲಿಕ್ಕೆ ಈ ಪ್ರಪಂಚದಲ್ಲಿ ಹೆಚ್ಚು ಉಳಿದಿಲ್ಲ ಮಾರಾಯ."

ನಾವಿಬ್ಬರೂ ಆಡುತ್ತಿದ್ದದ್ದು ತುಳು. ಆದರೆ ಪಾಠ ಹೇಳುವ ಮಾತು ಬಂದರೆ ಅವರ ನಾಲಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು, ಮೀನನ್ನು ಬೈಯುವಾಗ ಕೊಂಕಣಿಗೆ. ಅವತ್ತು ಕನ್ನಡದಲ್ಲೇ ಹೇಳಿದರು. ಒಮಾನ್ ಕಡೆ ಕಲ್ಲುಬೆಟ್ಟಗಳ ನಡುವೆ ಸಣ್ಣ ನದಿಗಳುಂಟು. ಮಳೆ ಬಂದರೆ ಹರಿಯುತ್ತವೆ, ಇಲ್ಲವಾದರೆ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನೀರು ನಿಂತಿರುತ್ತದೆ. ಈ ಮೀನು ಆ ಗುಂಡಿಗಳದ್ದು. ಅದರ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ವಿದೇಶಿ ಪ್ರೊಫೆಸರು ಶಾಲೆಗೆ ಭಾಷಣಕ್ಕೆ ಬಂದಿದ್ದಾಗ, ಮಕ್ಕಳಿಗಿಂತ ಹೆಚ್ಚು ಪ್ರಶ್ನೆ ಕೇಳಿದವರು ಟೀಚರ್‌ಬಾಯಿ. ಮುಂದಿನ ವರ್ಷ ಪ್ರೊಫೆಸರು ಮೂರು ನದಿಯ ಮೀನು ತಂದು ಅರ್ಧ ತಮ್ಮಲ್ಲಿಟ್ಟು ಅರ್ಧ ಇವರಿಗೆ ಕೊಟ್ಟರು. ಬೀಜವನ್ನು ಒಂದೇ ಗದ್ದೆಯಲ್ಲಿ ಬಿತ್ತಬಾರದು ಎಂಬ ಲೆಕ್ಕ. ಮೂರನೇ ನದಿಯ ಗುಂಡಿ ಆ ಮೇಲೆ ಪೂರ್ತಿ ಬತ್ತಿತು. ಮೇಲಿನ ತೋಟಗಳಿಗೆ ಪಂಪು ಹಾಕಿ ನೀರೆತ್ತಿದ್ದರು. ಅಂದರೆ ಆ ನದಿಯ ಮೀನು ಇದ್ದದ್ದು ಪ್ರೊಫೆಸರ ತೊಟ್ಟಿಯಲ್ಲಿ, ಮತ್ತೆ ಈ ಬಾಲ್ಕನಿಯಲ್ಲಿ.

"ಮೂರೂ ಒಂದೇ ಮೀನಲ್ವಾ? ಒಂದೇ ಟಬ್ಬಿಗೆ ಹಾಕಿ. ನಿಮಗೂ ಸುಖ, ಅವಕ್ಕೂ ಸುಖ," ಅಂದೆ. "ನಮ್ಮ ಅಳಿವೆಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಬೆರೆತೇ ಸಮುದ್ರ ಸೇರುವುದು. ಮೀನು ಸತ್ತದ್ದುಂಟಾ?"

"ಆ ನದಿಗಳು ಸಮುದ್ರ ಸೇರುವುದಿಲ್ಲ. ಮರಳಲ್ಲೇ ಇಂಗಿಹೋಗ್ತವೆ. ಒಂದರ ಮೀನು ಇನ್ನೊಂದನ್ನು ಸಾವಿರ ಸಾವಿರ ವರ್ಷದಿಂದ ಕಂಡಿಲ್ಲ. ಒಂದು ಬಿಸಿ ತಡೀತದೆ, ಒಂದು ಉಪ್ಪು ತಡೀತದೆ, ಮೂರನೇದು ಅಂಗೈಯಷ್ಟು ನೀರಿನಲ್ಲಿ ತಿಂಗಳು ಬದುಕ್ತದೆ. ಬೆರೆಸಿದ್ರೆ ಆ ಒಂದೊಂದು ಉಪಾಯವೂ ಕಲಸಿಹೋಗ್ತದೆ." ಆಮೇಲೆ ಅವರು ಹೇಳಿದ ಮಾತು ನನಗೆ ಬಾಯಿಪಾಠ: "ಬೆರೆಸುವುದು ಒಂದು ನಿಮಿಷದ ಕೆಲಸ. ಬೇರೆ ಮಾಡ್ಲಿಕ್ಕೆ ದೇವರಿಂದಲೂ ಆಗ್ಲಿಕ್ಕಿಲ್ಲ."

ಅಂದಿನಿಂದ ವಾರಕ್ಕೊಮ್ಮೆ ಕ್ಲೋರಿನ್ ಮದ್ದು ಹಾಕದ ಬಾವಿಯ ನೀರು, ತುಸು ಉಪ್ಪುಪ್ಪಾದದ್ದು, ಕ್ಯಾನಿನಲ್ಲಿ ತಂದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರುವ ಹೊತ್ತಿಗೆ ಅವರು ಊಟ ಮಾಡುತ್ತಿರುತ್ತಿದ್ದರು. ಟೀಚರ್‌ಬಾಯಿಗೆ ಮೀನಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಬಂಗುಡೆಯ ಗಸಿ ಬಡಿಸಿಕೊಳ್ಳುವ ಮುಂಚೆ ಎದ್ದುಹೋಗಿ ಭರಣಿಗಳ ಮೇಲೆ ಬೆಡ್‌ಶೀಟ್ ಎಳೆಯುತ್ತಿದ್ದರು.

"ಎಂತಕ್ಕೆ ಬಾಯಿ?"

"ಅವು ನೋಡುವುದು ಬೇಡ. ಮರ್ಯಾದೆ ಅಂತ ಒಂದುಂಟಲ್ವಾ?"

ಒಂದು ದಿನ ನಾನೂ ಒಂದು ತಕರಾರು ತೆಗೆದೆ. ಒಂದೊಂದು ನದಿಯ ಮೀನನ್ನೂ ಅವರು ಆರಾರು ಭರಣಿಗಳಲ್ಲಿ ಇಟ್ಟಿದ್ದರು. ಒಂದು ಭರಣಿಯಲ್ಲಿ ಹುಟ್ಟಿದವು ಅದೇ ಭರಣಿಯಲ್ಲಿ ಜೋಡಿಯಾಗುತ್ತಿದ್ದವೇನೋ ಎಂದು ನನಗೆ ಅನುಮಾನ.

"ಬಾಯಿ, ನಿಮ್ಮ ಈ ಮನೆಯಲ್ಲಿ ಮಹಾ ಅನಾಚಾರ ನಡೀತಾ ಉಂಟು. ಅಣ್ಣ ತಂಗಿ ಒಟ್ಟಿಗೆ ಸಂಸಾರ ಮಾಡ್ತಾರೆ. ನಮ್ಮಲ್ಲಿ ಒಂದೇ ಬರಿಯವರು ಮದುವೆ ಆದ್ರೆ ಊರಿಂದ ಹೊರಗೆ."

ಬರಿ ಅಂದರೆ ತಾಯಿಯ ಕಡೆಯಿಂದ ಬರುವ ಕುಲ. ಬಂಗೇರ, ಸಾಲ್ಯಾನ್, ಕರ್ಕೇರ, ಕುಂದರ್, ಸುವರ್ಣ, ಪುತ್ರನ್ ಹೀಗೆ. ತಾಯಿ ಬಂಗೇರ ಆದರೆ ಮಕ್ಕಳೆಲ್ಲ ಬಂಗೇರ. ಲೋಕದ ಯಾವ ಮೂಲೆಯ ಬಂಗೇರನಾದರೂ ಬಂಗೇರತಿಗೆ ಅಣ್ಣನೇ. ಗಂಡು ಇನ್ನೊಂದು ಬರಿಯಲ್ಲಿ ಹೆಣ್ಣು ಹುಡುಕಬೇಕು. ಇದನ್ನು ನಮ್ಮಲ್ಲಿ ಹಾಲು ಕುಡಿಯುವ ಮಗುವೂ ತಿಳಿದಿರುತ್ತದೆ.

ಟೀಚರ್‌ಬಾಯಿ ಕೈಯನ್ನು ನೀರಿನಿಂದ ತೆಗೆದರು. ಸ್ಟೂಲಿನ ಮೇಲೆ ಕುಳಿತು, ಇನ್ನೊಮ್ಮೆ ಹೇಳು ಅಂದರು. ಹೇಳಿದೆ. ಅವರಿಗೆ ನಗು ಬಂದು ಬಂದು ಕಣ್ಣಲ್ಲಿ ನೀರು ಬಂತು.

"ಅದನ್ನೇ ಮಾರಾಯ ನಾನು ಮಾಡುವುದು. ಮಕ್ಕಳು ತಾಯಿಯ ಭರಣಿಯವು. ಗಂಡುಗಳು ದೊಡ್ಡವಾದ ಕೂಡ್ಲೇ ಅದೇ ನದಿಯ ಮುಂದಿನ ಭರಣಿಗೆ ಹೋಗ್ತವೆ. ಇಲ್ಲದಿದ್ರೆ ನಾಲ್ಕು ತಲೆಮಾರಿಗೆ ಕುರುಡು, ಕುಂಟು, ಆಮೇಲೆ ಖಲಾಸ್. ಪ್ರೊಫೆಸರು ನನಗೆ ಇದನ್ನು ಕಲಿಸ್ಲಿಕ್ಕೆ ಒಂದು ವಾರ ತಕೊಂಡ್ರು. ಬೋರ್ಡಿನ ಮೇಲೆ ಬಾಣ ಬಿಟ್ಟು ಬಾಣ ಬಿಟ್ಟು. ನಿಮ್ಮ ಅಜ್ಜಿಯಂದಿರ ಕೈಯಲ್ಲಿ ಹೇಳಿಸಿದ್ರೆ ಐದು ನಿಮಿಷದ ಕೆಲಸ ಇತ್ತು." ಇನ್ನೊಂದನ್ನೂ ಹೇಳಿದರು. ಎಲ್ಲ ಜೀವದ ಒಳಗೂ ತಾಯಿಯಿಂದ ಮಾತ್ರ ಬರುವ ಒಂದು ಗುರುತು ಇರುತ್ತದೆಯಂತೆ. ಪ್ರೊಫೆಸರು ಮೀನಿನ ರೆಕ್ಕೆಯ ಚೂರು ತೆಗೆದು ಹುಡುಕುವುದು ಅದನ್ನೇ. "ಅವರೂ ಬರಿ ನೋಡುವುದೇ. ಮೆಷಿನ್ ಬೇಕು ಅಷ್ಟೆ."

ಮುಂದಿನ ವಾರ ಹೋದಾಗ ನೋಡುತ್ತೇನೆ, ಒಂದೊಂದು ನದಿಗೆ ಒಂದೊಂದು ಬಣ್ಣದ ರಿಬ್ಬನ್, ಕೆಂಪು, ಹಸಿರು, ನೀಲಿ. ಒಂದೊಂದು ಭರಣಿಯ ಮೇಲೂ ಕನ್ನಡದಲ್ಲಿ ನೇಲ್‌ಪಾಲಿಶಿನ ಅಕ್ಷರ. ಬಂಗೇರ. ಸಾಲ್ಯಾನ್. ಕರ್ಕೇರ. ಮರುಭೂಮಿಯ ಮೀನುಗಳೆಲ್ಲ ಒಂದೇ ವಾರದಲ್ಲಿ ಮೊಗವೀರರಾಗಿ ಕುಳಿತಿದ್ದವು.

"ಡಿಸೋಜ, ಪಿಂಟೊ ಒಂದಾದರೂ ಹಾಕ್ಬೋದಿತ್ತು ಬಾಯಿ," ಅಂದೆ.

"ನಮ್ಮವರನ್ನು ನಂಬ್ಲಿಕ್ಕಾಗುದಿಲ್ಲ. ಮಾವನ ಮಗಳನ್ನು ಮದುವೆ ಆಗ್ಲಿಕ್ಕೆ ಬಿಷಪರ ಪರ್ಮಿಶನ್ ತರ್ತಾರೆ."

ನನ್ನ ತಲೆಯಲ್ಲಿ ಒಂದು ಮಾತು ಕೊರೆಯುತ್ತಿತ್ತು. ಕೇಳಿಯೇ ಬಿಟ್ಟೆ. "ಹಾಗಾದ್ರೆ ನೀವೂ ನಾವೂ ಬೇರೆ ಬೇರೆ ರಿಬ್ಬನಿನವರಾ? ಬೆರೀಬಾರ್ದಾ?"

ಅವರು ನಗಲಿಲ್ಲ. ಶಾಲೆಯಲ್ಲಿ ತಪ್ಪು ಉತ್ತರ ಬಂದಾಗ ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು. "ಮನುಷ್ಯರೆಲ್ಲ ಒಂದೇ ನದಿ. ಎಲ್ಲಿಯೂ ಬತ್ತದೆ, ತುಂಡಾಗದೆ ಹರಿದ ನದಿ. ಗುಂಡಿ ಗುಂಡಿ ಅಂತ ನಾವು ಹೇಳಿಕೊಳ್ಳುವುದು ಸುಳ್ಳು. ಈ ಭರಣಿ ತೋರಿಸಿ ಜಾತಿಯ ಮಾತು ಆಡಿದವರಿಗೆ ನನ್ನ ಮನೆಯಲ್ಲಿ ಚಾ ಇಲ್ಲ." ನನಗೆ ಚಾ ಸಿಕ್ಕಿತು, ಆದರೆ ಅರ್ಧ ಗ್ಲಾಸು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಶಾಲೆಗೆ ರಜೆ. ಬೇರೆ ಟೀಚರುಗಳು ಊರಿಗೆ ಹೋಗಿದ್ದರು. ಪ್ರೊಫೆಸರೂ ರಜೆಯ ಮೇಲೆ ತಮ್ಮ ದೇಶದಲ್ಲಿದ್ದರು. ಮೊಟ್ಟೆಯ ಕಾಲವೆಂದು ಟೀಚರ್‌ಬಾಯಿ ಮಾತ್ರ ಉಳಿದುಕೊಂಡಿದ್ದರು. ಕರೆಂಟು ಬರುವುದೂ ಹೋಗುವುದೂ ಶುರುವಾಯಿತು. ಎ.ಸಿ. ಇಲ್ಲದ ಗಾಜಿನ ಬಾಲ್ಕನಿ ಬ್ರೆಡ್ಡಿನ ಒಲೆಯಾಯಿತು. ನನ್ನ ಕಫೀಲ್ ಸಂಸಾರ ಸಮೇತ ಸೌದಿಗೆ ಹೋಗುವಾಗ ಫಿಂಟಾಸಿನ ಮನೆಯ ಕೀಲಿಕೈ ನನ್ನ ಕೈಯಲ್ಲಿಟ್ಟು ಹೋಗಿದ್ದ. ಅಲ್ಲಿ ಹಿತ್ತಿಲಲ್ಲಿ ಬಾವಿ, ಒಳಗೆ ನೆಲಮಾಳಿಗೆಯ ತಂಪು ಕೋಣೆ. ಮೀನುಗಳನ್ನು ಅಲ್ಲಿಗೆ ಸಾಗಿಸುವುದೆಂದು ನಿಶ್ಚಯಿಸಿದೆವು.

ಬೆಳಿಗ್ಗೆ ಬಿಸಿಲೇರುವ ಮೊದಲೇ ಪ್ಲಾಸ್ಟಿಕ್ ಡಬ್ಬಗಳಲ್ಲಿ ಮೀನು ತುಂಬಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ, ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಹೊರಟೆವು. ಟೀಚರ್‌ಬಾಯಿಯ ತೊಡೆಯ ಮೇಲೆ ನೀಲಿ ರಿಬ್ಬನಿನ ಮೂರನೇ ನದಿ. ದಾರಿಯಲ್ಲಿ ಒಂದು ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಬಂತು. ಸಿಪಾಯಿಗೆ ಮೀಸೆ ನೆರೆತಿತ್ತು, ನನಗಿಂತ ಹಿರಿಯ. ಗೋಣಿ ಎತ್ತಿ ನೋಡಿದ.

"ಸಮಕ್?" ಅಂದ. ಮೀನಾ ಎಂದು.

ಹೌದು ಅಂದೆ.

"ಇದನ್ನು ಹುರಿಯಲು ಎಣ್ಣೆಯೇ ದಂಡ."

ಟೀಚರ್‌ಬಾಯಿಯ ಅರಬ್ಬಿ ನನ್ನದಕ್ಕಿಂತ ಹರಕು, ಆದರೆ ಧೈರ್ಯ ಜಾಸ್ತಿ. ತಿನ್ನುವುದಕ್ಕಲ್ಲ, ಇದರ ನದಿ ಬತ್ತಿಹೋಗಿದೆ, ಇದಕ್ಕೀಗ ಊರಿಲ್ಲ ಅಂದರು. ಆತ ಒಂದು ಡಬ್ಬವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡ. ತನ್ನದು ದಕ್ಷಿಣದ ಜವುಗು ಸೀಮೆ, ತನ್ನಪ್ಪನೂ ದೋಣಿಯವನು ಅಂದ. ಹಳದಿ ಬಾಲದವು ಗಂಡೋ ಹೆಣ್ಣೋ ಎಂದು ಕೇಳಿದ. ಗಂಡು ಅಂದದ್ದಕ್ಕೆ, "ಗಂಡಿಗೆ ಇಷ್ಟು ಅಲಂಕಾರವಾ? ನಮ್ಮ ಮನೆಯಲ್ಲಿ ತಿರುಗುಮುರುಗು," ಎಂದು ನಕ್ಕು ಡಬ್ಬವನ್ನು ಎರಡೂ ಕೈಯಲ್ಲಿ ಹಿಂತಿರುಗಿಸಿದ. ನಾವು ಮುಂದೆ ಹೋದ ಮೇಲೆ ಟೀಚರ್‌ಬಾಯಿ, "ನೋಡು, ಅವನೂ ನಿಮ್ಮ ಬರಿಯೇ," ಅಂದರು.

ಮನೆ ಸೇರಿದ ದಿನವೇ ಟ್ಯಾಂಕರಿನ ಚಕ್ರಗಳನ್ನೆಲ್ಲ ಬಿಚ್ಚಿ ನೆಲಮಾಳಿಗೆಗೆ ಉರುಳಿಸಿದೆ. ಚಕ್ರವಿದ್ದ ಗಾಡಿ ಯಾರದ್ದೇ ಇರಲಿ, ಸಿಪಾಯಿಗಳು ಒಯ್ಯುತ್ತಿದ್ದರು.

ಸೆಪ್ಟೆಂಬರಿನಲ್ಲಿ ಕಷ್ಟ ಬಂದದ್ದು ಮೀನಿಗಲ್ಲ, ಟೀಚರ್‌ಬಾಯಿಗೆ. ಅವರದ್ದು ಹಳೆಯ ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್. ಮದ್ದು ಸಿಗುವುದು ನಿಂತುಹೋಯಿತು. ಇದ್ದದ್ದನ್ನು ತಣ್ಣಗಿಡುವ ಫ್ರಿಜ್ಜು ನಡೆಯುತ್ತಿರಲಿಲ್ಲ. ಇಂಡಿಯಾದವರು ಬಸ್ಸಿನಲ್ಲಿ ಬಸ್ರಾ, ಬಗ್ದಾದ್ ದಾಟಿ ಜೋರ್ಡಾನಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು. ಅವರಿಗೂ ಒಂದು ಸೀಟು ಸಿಕ್ಕಿತು. ಆದರೆ ಹೊರಡುವುದಿಲ್ಲ ಎಂದು ಕುಳಿತರು.

"ಮೂರನೇ ನದಿ?" ಅಂದರು.

"ನಾನಿದ್ದೇನೆ. ಟ್ಯಾಂಕರ್ ಬಿಟ್ಟು ನಾನೆಲ್ಲೂ ಹೋಗುದಿಲ್ಲ."

"ನೀನು ಬೆರೆಸ್ತೀ."

"ನನ್ನ ಬರಿಯ ಮೇಲೆ ಆಣೆ, ಬೆರೆಸುದಿಲ್ಲ."

"ಆಣೆ ಬೇಡ. ಪರೀಕ್ಷೆ ಕೊಡು."

ನೆಲಮಾಳಿಗೆಯಲ್ಲಿ ಚಕ್ರವೊಂದರ ಮೇಲೆ ಅವರು ಕುಳಿತರು. ನಾನು ಕೈಕಟ್ಟಿ ನಿಂತೆ. ಏಳನೇ ಕ್ಲಾಸಿನಲ್ಲಿ ತಪ್ಪಿಸಿಕೊಂಡ ಪರೀಕ್ಷೆ ನನ್ನನ್ನು ಹುಡುಕಿಕೊಂಡು ಫಿಂಟಾಸಿಗೆ ಬಂದಿತ್ತು.

"ಕೆಂಪು ಬಂಗೇರ ಗಂಡು, ಹಸಿರು ಕರ್ಕೇರ ಹೆಣ್ಣು. ಮದುವೆ ಉಂಟಾ?"

"ಬರಿ ಬೇರೆ. ಆದ್ರೆ ನದಿಯೂ ಬೇರೆ. ಇಲ್ಲ."

"ಕೆಂಪು ಬಂಗೇರ ಗಂಡು, ಕೆಂಪು ಬಂಗೇರ ಹೆಣ್ಣು?"

"ಅಣ್ಣ ತಂಗಿ. ಛೀ."

"ಛೀ ಹೇಳ್ಬೇಡ. ಮೀನಿಗೆ ಅದು ಗೊತ್ತಿಲ್ಲ. ಅದಕ್ಕೇ ನಿನ್ನನ್ನು ಇಟ್ಟದ್ದು. ನೀಲಿ ಕುಂದರ್ ಗಂಡು, ನೀಲಿ ಸುವರ್ಣ ಹೆಣ್ಣು. ಮಕ್ಕಳು?"

"ಸುವರ್ಣ. ಗಂಡುಮಕ್ಕಳು ಅಪ್ಪನ ಭರಣಿಗೆ ವಾಪಸ್ಸಿಲ್ಲ, ಮುಂದಿನ ಭರಣಿಗೆ."

"ಕೊನೇ ಪ್ರಶ್ನೆ. ಭರಣಿಗಳು ಒಡೆದವು. ನಿನ್ನ ಹತ್ತಿರ ಇರುವುದು ಒಂದೇ ಟಬ್ಬು, ಅದರಲ್ಲಿ ಆಗಲೇ ಹಸಿರು ನದಿಯವು ಉಂಟು. ನೀಲಿಯವು ನೆಲದ ಮೇಲೆ ಹಾರ್ತಾ ಉಂಟು. ಎಂತ ಮಾಡ್ತೀ?"

ಸಾಯಲು ಬಿಡಬೇಕೋ, ಬೆರೆಸಬೇಕೋ. ಎರಡೂ ಹೇಳಲಾಗದ ಮಾತು.

"ಗೊತ್ತಿಲ್ಲ ಬಾಯಿ."

"ಪಾಸ್," ಅಂದರು. "ಫಸ್ಟ್ ಕ್ಲಾಸ್ ಇಲ್ಲ."

ಬಸ್ಸಿನ ಹತ್ತಿರ ತೋಳಿನಿಂದ ವಾಚು ಬಿಚ್ಚಿ ನನಗೆ ಕೊಟ್ಟರು. ದಾರಿಯ ಚೆಕ್‌ಪೋಸ್ಟುಗಳಲ್ಲಿ ವಾಚು ಉಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣೊರೆಸಿಕೊಳ್ಳುತ್ತಾ ಅವರು ಹೇಳಿದ್ದು ಇಷ್ಟೇ: "ಶುಕ್ರವಾರ ನೀರು ಬದಲಿಸು. ಅರ್ಧ ಮಾತ್ರ."

ಆ ಚಳಿಗಾಲ ನಾನೊಬ್ಬನೇ, ಮತ್ತೆ ಹದಿನೆಂಟು ಭರಣಿ. ಮಾತಾಡಲು ಬೇರೆ ಯಾರೂ ಇಲ್ಲದ್ದರಿಂದ ಮೀನುಗಳ ಹತ್ತಿರವೇ ಮಾತಾಡುತ್ತಿದ್ದೆ. ಕರ್ಕೇರರಿಗೆ ಜಂಬ ಜಾಸ್ತಿ, ಪುತ್ರನ್‌ಗಳು ತಿನ್ನುವುದರಲ್ಲಿ ಮುಂದು, ಸಾಲ್ಯಾನ್‌ಗಳಿಗೆ ಸದಾ ಜಗಳ. ಊರಿನ ಹಾಗೆಯೇ. ಖುಬ್ಬೂಸಿನ, ಅಂದರೆ ಅರಬ್ಬಿ ರೊಟ್ಟಿಯ, ಪುಡಿ ಹಾಕುವಾಗ ಒಂದೊಂದು ಮನೆಗೂ ಕುಶಲ ಕೇಳಿ ಮುಂದೆ ಹೋಗುತ್ತಿದ್ದೆ. ಕರೆಂಟು ಇಲ್ಲದೆ ಗಾಳಿಯ ಪಂಪು ನಿಂತಾಗ, ಟ್ಯಾಂಕರಿನ ಚಕ್ರದ ಟ್ಯೂಬುಗಳಿಗೆ ಕಾಲಿನ ಪಂಪಿನಿಂದ ಗಾಳಿ ತುಂಬಿ, ಆಸ್ಪತ್ರೆಯ ಗ್ಲೂಕೋಸಿನ ನಳಿಗೆ ಸಿಕ್ಕಿಸಿ, ಅದರ ಚಕ್ರದಂಥ ತಿರುಪನ್ನು ಸಣ್ಣಗೆ ಬಿಟ್ಟರೆ ಭರಣಿಯಲ್ಲಿ ಗುಳ್ಳೆ ಬರುತ್ತಿತ್ತು. ಒಂದು ಟ್ಯೂಬು ತುಂಬಿದರೆ ಅರ್ಧ ದಿನ. ಗಾಡಿ ಉಳಿಸಲು ಬಿಚ್ಚಿದ ಚಕ್ರ ಮೀನು ಉಳಿಸಿತು.

ಫೆಬ್ರವರಿಯಲ್ಲಿ ಯುದ್ಧ ಹತ್ತಿರ ಬಂತು. ಎಣ್ಣೆಬಾವಿಗಳು ಹೊತ್ತಿಕೊಂಡು, ಎಣ್ಣೆ ಕಾರ್ಖಾನೆಯಿದ್ದ ಮೀನಾ ಅಬ್ದುಲ್ಲಾ ಊರಿನ ಕಡೆಯ ಆಕಾಶ ಕರ್ರಗಾಗಿ, ಮಧ್ಯಾಹ್ನವೂ ಲಾಟೀನು ಬೇಕಾಯಿತು. ಒಂದು ದಿನ ಎಲ್ಲಿಯೋ ಬಿದ್ದ ಬಾಂಬಿಗೆ ನೆಲಮಾಳಿಗೆ ಇಡೀ ನಡುಗಿ, ನೀಲಿ ರಿಬ್ಬನಿನ ಶೆಲ್ಫು ವಾಲಿ ಭರಣಿಗಳು ಬಿದ್ದವು. ಟೀಚರ್‌ಬಾಯಿಯ ಕೊನೇ ಪ್ರಶ್ನೆ ಪ್ರಶ್ನೆಯಾಗಿಯೇ ನನ್ನ ಕಾಲ ಬುಡದಲ್ಲಿ ಹಾರಾಡುತ್ತಿತ್ತು. ಗಾಜಿನ ಚೂರು, ನೀರು, ಅದರ ಮಧ್ಯೆ ಮೂರನೇ ನದಿ.

ಪಕ್ಕದಲ್ಲೇ ಟಬ್ಬಿತ್ತು. ಹಸಿರು ನದಿಯ ಮರಿಗಳಿಗೆಂದು ಇಟ್ಟದ್ದು. ಕೈ ಅತ್ತಲೇ ಹೋಯಿತು. ಬೆರೆಸುವುದು ಒಂದು ನಿಮಿಷದ ಕೆಲಸ ಎಂಬ ಮಾತು ಕಿವಿಯಲ್ಲಿ ಕೇಳಿದ ಹಾಗಾಗಿ ಕೈ ನಿಂತಿತು. ಎದ್ದು ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ನನ್ನ ಅನ್ನದ ಪಾತ್ರೆ, ಗಂಜಿ ಆಗಷ್ಟೇ ಆರಿತ್ತು. ಬಗ್ಗಿಸಿ ಚೆಲ್ಲಿದೆ. ಪ್ರೆಶರ್ ಕುಕ್ಕರ್, ಚಾದ ಕೆಟ್ಲು, ಕಫೀಲನ ಹೆಂಡತಿಯ ಹಿತ್ತಾಳೆ ಹೂಕುಂಡ, ನಾನು ಸ್ನಾನ ಮಾಡುತ್ತಿದ್ದ ಚೊಂಬು. ಹಿತ್ತಾಳೆ ಮೀನಿಗೆ ಆಗದು ಎಂದು ಟೀಚರ್‌ಬಾಯಿ ಯಾವಾಗಲೋ ಹೇಳಿದ್ದು ನೆನಪಾಗಿ ಹೂಕುಂಡವನ್ನು ಮಾತ್ರ ಅಲ್ಲೇ ಬಿಟ್ಟೆ. ಯಾವ ಭರಣಿ ಎಲ್ಲಿ ಬಿದ್ದಿತ್ತೋ ಆ ಜಾಗ ನೋಡಿ ನೋಡಿ ಹೆಕ್ಕಿದೆ. ಬಂಗೇರ, ಸಾಲ್ಯಾನ್, ಪುತ್ರನ್ ಮೂರೂ ಮನೆತನ ಹೋಗಿಯೇಬಿಟ್ಟವು. ಕರ್ಕೇರದ ಹೆಣ್ಣುಗಳು, ಕುಂದರ್ ಗಂಡುಗಳು, ಸುವರ್ಣದ ಒಂದಿಷ್ಟು ಉಳಿದವು.

ಆ ಮೇಲೆ ಅನ್ನ ಉಣ್ಣಲಿಲ್ಲ. ಅನ್ನದ ಪಾತ್ರೆಯಲ್ಲಿ ಸುವರ್ಣ ಕುಟುಂಬ, ಕುಕ್ಕರಿನಲ್ಲಿ ಕರ್ಕೇರತಿಯರು, ಕೆಟ್ಲಿನಲ್ಲಿ ಕುಂದರ್‌ಗಳು. ನನಗೆ ಒಣ ಖುಬ್ಬೂಸು, ಅದನ್ನು ಅದ್ದಿಕೊಳ್ಳಲು ಚಾ ಕೂಡ ಇಲ್ಲ. ಬಡಿಸಿಕೊಳ್ಳುವಾಗ ಕುಕ್ಕರಿನ ಕಡೆ ನೋಡಿ, "ಸುಖವಾಗಿದ್ದೀರಾ ಅತ್ತೆಯವರೇ?" ಅಂತ ಕೇಳುತ್ತಿದ್ದೆ. ಯಾಕೆಂದರೆ ಅಷ್ಟರಲ್ಲಿ ನನಗೊಂದು ಮದುವೆ ಕಾಣಿಸುತ್ತಿತ್ತು.

ಯುದ್ಧ ಮುಗಿದು, ಮಾರ್ಚಿನಲ್ಲಿ ನೀರು ಬೆಚ್ಚಗಾದಾಗ ಆ ಮದುವೆ ಮಾಡಿಸಿದೆ. ಕುಂದರ್ ಗಂಡು, ಕರ್ಕೇರ ಹೆಣ್ಣು. ಒಂದೇ ನದಿ, ಬೇರೆ ಬರಿ. ನಮ್ಮ ಜಾತಿಯ ಮುಖ್ಯಸ್ಥರು, ಗುರಿಕಾರರನ್ನು ಕೂರಿಸಿ ಕೇಳಿದ್ದರೂ ಅಡ್ಡಿಯಿಲ್ಲ ಎನ್ನುತ್ತಿದ್ದರು. ಮೊಟ್ಟೆ ಅಂಟಿಸಲು ಅವಕ್ಕೆ ನೂಲಿನ ಗೊಂಚಲು ಬೇಕು. ನನ್ನ ಹಸಿರು ಉಣ್ಣೆಯ ಮಂಕಿಕ್ಯಾಪು ಬಿಚ್ಚಿ ನೇತುಹಾಕಿದೆ. ಹತ್ತು ಹನ್ನೆರಡು ದಿನಕ್ಕೆ ಆ ನೂಲಿನ ಸುತ್ತ ಎರಡು ಕಣ್ಣು ಮಾತ್ರ ಇರುವ ಮರಿಗಳು ತೇಲಿದವು. ಚಳಿಗಾಲ ಮುಗಿದಿತ್ತು, ಟೊಪ್ಪಿ ಹೋದದ್ದಕ್ಕೆ ಬೇಸರವಿಲ್ಲ.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಟೀಚರ್‌ಬಾಯಿ ಬಂದರು. ತೆಳ್ಳಗಾಗಿದ್ದರು. ಟ್ಯಾಕ್ಸಿಯಿಂದ ಇಳಿದವರು ನನ್ನ ಕುಶಲವನ್ನೂ ಕೇಳಲಿಲ್ಲ, ನೇರ ನೆಲಮಾಳಿಗೆಗೆ ಇಳಿದರು. ಕೆಂಪು ನೋಡಿದರು, ಹಸಿರು ನೋಡಿದರು. ನೀಲಿಯ ಶೆಲ್ಫಿನ ಮುಂದೆ ನಿಂತು, ನೀಲಿ ರಿಬ್ಬನ್ ಕಟ್ಟಿದ ಕುಕ್ಕರನ್ನೂ ಕೆಟ್ಲನ್ನೂ ಬಹಳ ಹೊತ್ತು ದಿಟ್ಟಿಸಿದರು.

"ಇದು ಎಂತ?"

"ಕೊನೇ ಪ್ರಶ್ನೆಯ ಉತ್ತರ ಬಾಯಿ."

ನಡೆದದ್ದನ್ನು ಹೇಳಿದೆ. ಹೋದ ಮೂರು ಮನೆತನಗಳ ಹೆಸರು ಹೇಳುವಾಗ ಅವರು ಶಿಲುಬೆಯ ಗುರುತು ಮಾಡಿಕೊಂಡರು, ಮೊಗವೀರ ಮೀನುಗಳ ಆತ್ಮಕ್ಕೆ. ಎಲ್ಲ ಕೇಳಿದ ಮೇಲೆ ಚಕ್ರದ ಮೇಲೆ ಕುಳಿತು, "ನೀನು ಎಂತ ತಿಂದೆ?" ಅಂದರು. ನಾನು ಹೇಳಿದ ಮೇಲೆ, "ಫಸ್ಟ್ ಕ್ಲಾಸ್," ಅಂದರು. ಕನ್ನಡದಲ್ಲಿ, ಕ್ಲಾಸಿನಲ್ಲಿ ಹೇಳುವ ಹಾಗೆ, ಎಲ್ಲರಿಗೂ ಕೇಳುವಂತೆ. ಕೇಳಲು ಮೀನು ಮಾತ್ರ ಇದ್ದವು.

ಪ್ರೊಫೆಸರೂ ಬಂದರು. ಅವರ ತೊಟ್ಟಿಯವು ಕರೆಂಟು ಹೋದ ಮೊದಲ ಬೇಸಗೆಯಲ್ಲೇ ತೀರಿಹೋಗಿದ್ದವು. ಮೂರನೇ ನದಿಯೆಂದು ಉಳಿದದ್ದು ನನ್ನ ಪಾತ್ರೆಗಳಲ್ಲಿ ಇದ್ದಷ್ಟೇ. ರೆಕ್ಕೆಯ ಚೂರು ತೆಗೆದುಕೊಂಡು ಹೋಗಿ, ಮೆಷಿನಿಗೆ ಹಾಕಿ, ತಿಂಗಳುಗಳ ಮೇಲೆ ಹೇಳಿಕಳಿಸಿದರು: ಬೆರೆತಿಲ್ಲ, ಮರಿಗಳಲ್ಲಿ ತಾಯಿಯ ಗುರುತುಗಳು ಎರಡು ಮನೆತನದ್ದು ಸ್ಪಷ್ಟವಾಗಿವೆ. ಅಂದರೆ ಕರ್ಕೇರ, ಸುವರ್ಣ. ನನಗೆ ಮೆಷಿನ್ ಬೇಕಿರಲಿಲ್ಲ. ಆಮೇಲೆ ಅವುಗಳ ಮರಿಗಳು ಬೇರೆ ಬೇರೆ ಊರಿನ ತೊಟ್ಟಿಗಳಿಗೆ ಹೋದವು. ಎಷ್ಟೋ ವರ್ಷದ ಮೇಲೆ, ಆ ನದಿಯ ಮೇಲಿನ ಪಂಪುಗಳು ನಿಂತು ಒಂದು ಗುಂಡಿ ಮತ್ತೆ ತುಂಬಿದಾಗ, ಅವುಗಳಲ್ಲೇ ಕೆಲವನ್ನು ಒಯ್ದು ಬಿಟ್ಟರಂತೆ. ಟೀಚರ್‌ಬಾಯಿ ಆ ದಿನ ಸಾಲ್ಮಿಯಾದ ಕರಾವಳಿಯವರಿಗೆಲ್ಲ ಬಂಗುಡೆ ಊಟ ಹಾಕಿದರು. ಭರಣಿಗಳ ಮೇಲೆ ಬೆಡ್‌ಶೀಟ್ ಎಳೆದೇ.

ಅವರು ರಿಟೈರಾಗಿ ಕಿನ್ನಿಗೋಳಿಗೆ ಹೋಗುವಾಗ ನಾನು ವಾಚು ಹಿಂತಿರುಗಿಸಲು ಹೋದೆ. "ಇರ್ಲಿ. ಶುಕ್ರವಾರ ನೀರು ಬದಲಿಸ್ಲಿಕ್ಕೆ ಗಂಟೆ ಬೇಕಲ್ವಾ?" ಅಂದರು. ಅಲ್ಲಿಂದಲೂ ಫೋನು ಬರುತ್ತಿತ್ತು, ನನ್ನ ಆರೋಗ್ಯ ಕೇಳುವ ಮುಂಚೆ ಕರ್ಕೇರರ ಆರೋಗ್ಯ. ಯುದ್ಧ ಮುಗಿದ ಮೇಲೆ ನನಗೂ ಮದುವೆಯಾಗಿತ್ತು. ನನ್ನ ದೊಡ್ಡ ಮಗಳು ಇಲ್ಲೇ ಕುವೈತಿನಲ್ಲಿ ಹುಟ್ಟಿದವಳು, ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹೇಳುವವಳು. ಅವಳು ಪಂಜಾಬಿ ಹುಡುಗನೊಬ್ಬನನ್ನು ಮೆಚ್ಚಿದಾಗ ನನ್ನ ಹೆಂಡತಿ ಹಾಸಿಗೆ ಹಿಡಿದಳು. "ಹುಡುಗನ ಬರಿ ಯಾವುದು ಅಂತ ಊರಲ್ಲಿ ಕೇಳಿದ್ರೆ ಎಂತ ಹೇಳುದು?" ಎಂದು. ನಾನು ಕಿನ್ನಿಗೋಳಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಅತ್ತಲಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಫೋನು ಇಟ್ಟವಳು ಎದ್ದು ಕುಳಿತು, "ಒಂದೇ ನದಿಯಂತೆ," ಅಂದಳು.

ಅವರು ತೀರಿಕೊಂಡ ಸುದ್ದಿ ಬಂದದ್ದು ಒಂದು ಶುಕ್ರವಾರ. ನನ್ನ ಕೈ ನೀರಿನಲ್ಲಿತ್ತು. ವಾಚು ಒದ್ದೆಯಾಗಬಾರದೆಂದು ತೋಳಿಗೇರಿಸಿದ್ದೆ. ಅಂಗಿ ಹಾಕಿಕೊಂಡು ಅಲ್ಲಿಗೆ ಓಡುವ ಹಾಗಿರಲಿಲ್ಲ. ಕಿನ್ನಿಗೋಳಿ ಸಮುದ್ರದಾಚೆ. ಅರ್ಧ ನೀರು ಬದಲಿಸಿ ಮುಗಿಸಿದೆ. ಅದನ್ನು ಅರ್ಧಕ್ಕೆ ಬಿಟ್ಟುಹೋಗಿದ್ದರೆ ಅವರೇ ಬೈಯುತ್ತಿದ್ದರು.

ಏಳನೇ ಕ್ಲಾಸು ದಾಟದವನ ಹತ್ತಿರ ಈಗ ಇರುವುದು ಇಷ್ಟು. ನನ್ನದೇ ಹೆಸರಿನ ಟ್ಯಾಂಕರ್ ಎರಡು. ಹೆಂಡತಿ ಒಬ್ಬಳು. ಹೆಣ್ಣುಮಕ್ಕಳು ಇಬ್ಬರು, ಪಂಜಾಬಿ ಅಳಿಯ ಒಬ್ಬ, ಮೊಮ್ಮಗಳು ಒಬ್ಬಳು, ತಾಯಿಯ ಬರಿಯವಳು. ಮಣಿಕಟ್ಟಿಗೆ ಸಡಿಲವಾಗಿ ತೋಳಿಗೆ ಸರಿಯಾಗುವ ವಾಚು ಒಂದು. ಅನ್ನ ಬೇಯಿಸದ ಕುಕ್ಕರ್ ಒಂದು. ನೀಲಿ ರಿಬ್ಬನಿನ ಭರಣಿ ಒಂಬತ್ತು. ಬೆರೆತದ್ದು ಒಂದೂ ಇಲ್ಲ.